ಪ್ರತಿಕಾಯ ತಯಾರಿಕೆಯನ್ನು ಹಂಚಿಕೆಯ ಪ್ರಯೋಗಾಲಯಕ್ಕೆ ಒಪ್ಪಿಸುವ ಮೊದಲು

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ, ಪುಣೆ):
ನಮಸ್ಕಾರ. ನಾವು ಅಧ್ಯಯನ ಮಾಡುತ್ತಿರುವ ಪ್ರೊಟೀನು ಜೀವಕೋಶದ ಹೊರಪೊರೆಯ ಮೇಲಿದೆ. ಅದಕ್ಕೆ ತಕ್ಕ ಪ್ರತಿಕಾಯ ಮಾರುಕಟ್ಟೆಯಲ್ಲಿ ದೊರೆಯದ ಕಾರಣ, 15 ಅಮೈನೋ ಆಮ್ಲಗಳ ಪೆಪ್ಟೈಡ್ (ಪ್ರೊಟೀನಿನ ಸಣ್ಣ ತುಂಡು) ಒಂದನ್ನು ಹಲವು ತಂಡಗಳು ಸೇರಿ ಬಳಸುವ ಹಂಚಿಕೆಯ ಸೌಲಭ್ಯಕ್ಕೆ ಕೊಟ್ಟು ಮೊನೊಕ್ಲೋನಲ್ (ಒಂದೇ ಮೂಲಕೋಶದ ಸಂತತಿ ತಯಾರಿಸುವ, ಒಂದೇ ಬಗೆಯ) ಪ್ರತಿಕಾಯ ಮಾಡಿಸಿ, ಅದರ ನೆರವಿನಿಂದ ಫ್ಲೋ ಸೈಟೊಮೆಟ್ರಿಯಲ್ಲಿ (ಹೊಳೆಯುವ ಬಣ್ಣ ಹಚ್ಚಿದ ಕೋಶಗಳನ್ನು ಒಂದೊಂದಾಗಿ ಲೇಸರ್ ಬೆಳಕಿನಲ್ಲಿ ಹಾಯಿಸಿ ಗುರುತಿಸುವ ವಿಧಾನ) ಜೀವಂತ ಕೋಶಗಳನ್ನು ಬೇರ್ಪಡಿಸಬೇಕೆಂದಿದ್ದೇವೆ. ಅನುದಾನ ಒಂದೇ ಪ್ರಯತ್ನಕ್ಕೆ ಸಾಲುವಷ್ಟಿದೆ. ಮೊದಲೇ ಏನನ್ನು ತೀರ್ಮಾನಿಸಿಕೊಳ್ಳಬೇಕು?

ಉತ್ತರ 1 (ನವಿ ಮುಂಬಯಿ):
ಪೆಪ್ಟೈಡ್ ಬಗ್ಗೆ ದಯವಿಟ್ಟು ಮತ್ತೊಮ್ಮೆ ಯೋಚಿಸಿ. ಸಣ್ಣ ತುಂಡಿನ ವಿರುದ್ಧ ಹುಟ್ಟಿದ ಪ್ರತಿಕಾಯವು ವೆಸ್ಟರ್ನ್ ಬ್ಲಾಟ್ ಎಂಬ ಪ್ರೊಟೀನು ಪರೀಕ್ಷೆಯಲ್ಲಿ ಬಿಚ್ಚಿಕೊಂಡ ಪ್ರೊಟೀನನ್ನು ಗುರುತಿಸಿದರೂ, ಕೋಶದ ಮೇಲೆ ತನ್ನ ಸಹಜ ಆಕಾರದಲ್ಲಿರುವ ಅದೇ ಪ್ರೊಟೀನಿಗೆ ಅಂಟದೇ ಹೋಗಬಹುದು. ನಾವು ಹೀಗೆಯೇ ಎಡವಿದೆವು: ಎಲಿಸಾದಲ್ಲಿ (ತಟ್ಟೆಗೆ ಅಂಟಿಸಿದ ಪೆಪ್ಟೈಡ್ ಮೇಲೆ ಮಾಡುವ ಪರೀಕ್ಷೆ) ಗೆದ್ದ ಕ್ಲೋನುಗಳಲ್ಲಿ (ಒಂದೇ ಕೋಶದಿಂದ ಬೆಳೆದ ಗುಂಪುಗಳು) ಒಂದರ ಪ್ರತಿಕಾಯವೂ ಜೀವಂತ ಕೋಶಕ್ಕೆ ಅಂಟಲಿಲ್ಲ. ಸೌಲಭ್ಯದವರನ್ನು ದೂರುವಂತಿರಲಿಲ್ಲ, ಎಲಿಸಾ ಪರೀಕ್ಷೆಯನ್ನಷ್ಟೇ ಕೇಳಿದವರು ನಾವೇ.

ಸಾಧ್ಯವಿದ್ದರೆ ಪ್ರೊಟೀನಿನ ಹೊರಭಾಗವನ್ನು ಸಸ್ತನಿ ಕೋಶಗಳಲ್ಲಿ ತಯಾರಿಸಿ ಕೊಡಿ. ಅದನ್ನು ಚುಚ್ಚಿದ ಪ್ರಾಣಿಯ ಬಿ ಕೋಶ (ಪ್ರತಿಕಾಯ ತಯಾರಿಸುವ ಕೋಶ) ಮತ್ತು ಮೈಲೋಮಾ ಕೋಶಗಳ (ನಿಲ್ಲದೇ ಬೆಳೆಯುವ ಕ್ಯಾನ್ಸರ್ ಕೋಶ) ಬೆಸುಗೆಯಾಗಿ, ಹ್ಯಾಟ್ ಎಂಬ ಆಯ್ಕೆಯ ಮಾಧ್ಯಮದಲ್ಲಿ ಬೆಸೆದ ಕೋಶಗಳಷ್ಟೇ ಉಳಿದ ಮೇಲೆ, ತಟ್ಟೆಯ ಪ್ರತಿ ಗುಳಿಯ ದ್ರವವನ್ನೂ ಆ ಪ್ರೊಟೀನು ಇರುವ ಮತ್ತು ಇಲ್ಲದ ಎರಡು ಬಗೆಯ ಕೋಶಗಳ ಮೇಲೆ ಫ್ಲೋ ಸೈಟೊಮೆಟ್ರಿಯಲ್ಲೇ ಪರೀಕ್ಷಿಸಬೇಕೆಂದು ಕೆಲಸದ ಒಪ್ಪಂದದಲ್ಲಿ ಬರೆಯಿಸಿ. ಪ್ರಾಣಿ ಪ್ರಯೋಗಕ್ಕೆ ನೈತಿಕ ಸಮಿತಿಯ ಅನುಮತಿ ಬೇಕಾಗುವುದರಿಂದ ಆ ಅರ್ಜಿಯನ್ನು ಈಗಲೇ ಆರಂಭಿಸಿ.

ಉತ್ತರ 2 (ಪುಣೆ):
ಬೇರ್ಪಡಿಸುವ ಹಂತದ ಬಗ್ಗೆ ನನ್ನದೊಂದು ಮಾತು. ಕೋಶಗಳಲ್ಲಿ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಇಲ್ಲವೆಂಬ ವರದಿ ಕೈಯಲ್ಲಿರಲಿ. ಒಬ್ಬರ ಸೋಂಕು ಹಂಚಿಕೆಯ ಯಂತ್ರದಿಂದ ಇನ್ನೊಬ್ಬರ ಕೋಶಗಳಿಗೆ ದಾಟಬಾರದು. ಮಾದರಿಯನ್ನು 40 ಮೈಕ್ರಾನ್ ಜಾಲರಿಯಲ್ಲಿ ಸೋಸದೇ ತಂದು ಯಂತ್ರದ ನಾಜಲ್ (ಕೋಶಗಳು ಹೊರಬರುವ ಕಿರುಬಾಯಿ) ಕಟ್ಟಿಕೊಂಡು, ನಂತರದವರ ವೇಳೆಯೆಲ್ಲ ಹಾಳಾಗಿ, ಸರದಿಯಲ್ಲಿರುವ ಎಲ್ಲರೂ ಕಾಯುವುದನ್ನು ನೋಡಿದ್ದೇನೆ. ಹೋಲಿಕೆಗಾಗಿ ಬಣ್ಣ ಹಾಕದ ಕೋಶ, ಒಂದೊಂದೇ ಬಣ್ಣದ ಕೋಶ, ಸತ್ತ ಕೋಶಗಳನ್ನು ತೋರುವ ಪ್ರೊಪಿಡಿಯಂ ಅಯೋಡೈಡ್: ಇವು ಜೊತೆಗಿರಲಿ. ಸತ್ತ ಕೋಶಗಳು ಪ್ರತಿಕಾಯವನ್ನು ಸುಮ್ಮನೆ ಹೀರಿಕೊಳ್ಳುವುದರಿಂದ ಇದು ಅಲಂಕಾರದ ಕ್ರಮವಲ್ಲ.

ಯಂತ್ರ ಎಲ್ಲಿದೆ ಎಂದು ಹುಡುಕಲು ದೇಶದ ಸಂಶೋಧನಾ ಉಪಕರಣಗಳ ಪಟ್ಟಿಯಿರುವ ಐ-ಸ್ಟೆಮ್ ಜಾಲತಾಣವಿದೆ. ಕೋಶಗಳಿಗೆ ನಿಮ್ಮ ಊರಿನಲ್ಲೇ, ವಿಶ್ವವಿದ್ಯಾಲಯದ ಆವರಣದಲ್ಲಿರುವ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದ ಭಂಡಾರವಿದೆ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರವಾಯಿತು. ಕೆಲಸ ಮುಗಿದ ಮೇಲೆ ಹೈಬ್ರಿಡೋಮಾ (ಪ್ರತಿಕಾಯ ಸ್ರವಿಸುವ ಆ ಬೆಸೆದ ಕೋಶಗಳು) ಯಾರ ಬಳಿ ಇರಬೇಕು?

ಉತ್ತರ 1:
ಒಡೆತನ ನಿಮ್ಮದೆಂದು ಬರವಣಿಗೆಯಲ್ಲಿರಲಿ, ಶೀತಲೀಕರಿಸಿದ ಸೀಸೆಗಳು ಎರಡು ಕಡೆ ಇರಲಿ. ಹೈಬ್ರಿಡೋಮಾಗಳು ವರ್ಣತಂತುಗಳನ್ನು ಕಳೆದುಕೊಂಡು ಪ್ರತಿಕಾಯ ಸ್ರವಿಸುವುದನ್ನೇ ನಿಲ್ಲಿಸುವುದುಂಟು. ಆದ್ದರಿಂದ ಒಳ್ಳೆಯ ಕ್ಲೋನು ಸಿಕ್ಕ ಕೂಡಲೇ ಅದರ ಪ್ರತಿಕಾಯದ ಬದಲಾಗುವ ಭಾಗದ (ಗುರಿ ಪ್ರೊಟೀನಿಗೆ ಅಂಟುವ ಭಾಗ) ಜೀನುಗಳ ಅನುಕ್ರಮವನ್ನು ಓದಿಸಿ ಇಟ್ಟುಕೊಳ್ಳಿ. ಕೋಶ ಸತ್ತರೂ ಆ ಅನುಕ್ರಮದಿಂದ ಪ್ರತಿಕಾಯವನ್ನು ಮತ್ತೆ ತಯಾರಿಸಬಹುದು.