ರಾಜಕಾಲುವೆ ಟೆಂಡರ್‌ಗೆ ಹೈಕೋರ್ಟ್ ತಡೆ: ಮಳೆಗಾಲಕ್ಕೆ ಮುಂಚೆ ಏನು ಮಾಡೋಣ?

ಸಂಘದ ಕಾರ್ಯದರ್ಶಿ
ಎಲ್ಲರಿಗೂ ನಮಸ್ಕಾರ. ರಾಜಕಾಲುವೆ ತಡೆಗೋಡೆ ಕೆಲಸ ಯಾಕೆ ಶುರುವಾಗಿಲ್ಲ ಅನ್ನೋದು ಗೊತ್ತಾಯಿತು. ಅಂದಾಜು ಮೊತ್ತ 1 ಕೋಟಿ 84 ಲಕ್ಷ, ಅವಧಿ ಆರು ತಿಂಗಳು. ಎಲ್-1 ಆದವರಿಗೆ (ಅತಿ ಕಡಿಮೆ ದರ ಹಾಕಿದ ಗುತ್ತಿಗೆದಾರರು) ಬಿಡ್ ಒಪ್ಪಿದ ಸ್ವೀಕೃತಿ ಪತ್ರ ಹೋಗಿದೆ, ಕರಾರಿಗೆ ಸಹಿ ಬಿದ್ದಿಲ್ಲ. ಎಲ್-2, ಅಂದರೆ ಎರಡನೇ ಕಡಿಮೆ ದರದ ಗುತ್ತಿಗೆದಾರರ ಮೇಲ್ಮನವಿ ವಜಾ ಆಗಿತ್ತು. ಈಗ ಅವರು ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿ ಮಧ್ಯಂತರ ಆದೇಶ ತಂದಿದ್ದಾರೆ. ಪ್ರತಿಯನ್ನು ಗುಂಪಿಗೆ ಹಾಕಿದ್ದೇನೆ. ನಗರಸಭೆ ಮುಂದೆ ಧರಣಿ ಕೂರೋಣ ಅಂತ ಕೆಲವರು ಹೇಳುತ್ತಿದ್ದಾರೆ. ತಿಳಿದವರು ದಾರಿ ಹೇಳಿ.

ವಕೀಲರು, 2ನೇ ಅಡ್ಡರಸ್ತೆ
ಧರಣಿ ಕೂತರೆ ಅಧಿಕಾರಿಗಳು ಆ ಆದೇಶವನ್ನೇ ತೋರಿಸಿ ಕಳಿಸುತ್ತಾರೆ ಸರ್. ಆದೇಶದ ಕೊನೆಯ ಪ್ಯಾರಾ ನೋಡಿ, ಮುಂದಿನ ವಿಚಾರಣೆವರೆಗೆ ಯಥಾಸ್ಥಿತಿ ಅಂತಷ್ಟೇ ಇದೆ. ನಗರಸಭೆ ಪರ ಯಾರೂ ವಾದಿಸಿದ ಉಲ್ಲೇಖವಿಲ್ಲ, ಅಂದರೆ ಏಕಪಕ್ಷೀಯ ಆದೇಶ. ಇಂಥದ್ದಕ್ಕೆಂದೇ ಸಂವಿಧಾನದ 226(3)ನೇ ವಿಧಿ ಇದೆ. ತೆರವಿಗೆ ಅರ್ಜಿ ಹಾಕಿ ಎದುರು ಪಕ್ಷಕ್ಕೆ ಪ್ರತಿ ಕೊಟ್ಟರೆ ಎರಡು ವಾರದೊಳಗೆ ಇತ್ಯರ್ಥ ಆಗಬೇಕು, ಇಲ್ಲದಿದ್ದರೆ ತಡೆ ತೆರವಾದಂತೆ. ಈ ಗಡುವು ಕಡ್ಡಾಯವೋ ಅಲ್ಲವೋ ಅನ್ನುವುದರಲ್ಲಿ ತೀರ್ಪುಗಳು ಎರಡೂ ಕಡೆ ಇವೆ. ಹಾಗಾಗಿ ಹದಿನೈದನೇ ದಿನ ಜೆಸಿಬಿ ಇಳಿಸುವ ಯೋಚನೆ ಬೇಡ, ನ್ಯಾಯಾಂಗ ನಿಂದನೆ ಆದೀತು.

ಹೈಕೋರ್ಟ್ ಜಾಲತಾಣದಲ್ಲಿ ಪ್ರಕರಣದ ಸ್ಥಿತಿ ನೋಡಿದೆ. ನಗರಸಭೆ ಇನ್ನೂ ಆಕ್ಷೇಪಣೆ ಸಲ್ಲಿಸಿಲ್ಲ, ತೆರವು ಅರ್ಜಿಯೂ ಇಲ್ಲ. ನಗರಸಭೆ ಕಚೇರಿಯಿಂದ ಅವರ ವಕೀಲರಿಗೆ ರಿಟ್ ಅರ್ಜಿಯ ಪ್ರತಿ ಪ್ಯಾರಾಕ್ಕೂ ಉತ್ತರ (ಪ್ಯಾರಾವಾರು ಉತ್ತರ) ಹೋಗದಿದ್ದರೆ ಅವರು ಸಮಯ ಕೇಳುತ್ತಲೇ ಇರುತ್ತಾರೆ, ತಡೆ ಮುಂದುವರಿಯುತ್ತಲೇ ಇರುತ್ತೆ. ನಾವು ಒತ್ತಡ ಹಾಕಬೇಕಾದ ಜಾಗ ಇದು.

ನಿವೃತ್ತ ಎಇಇ (ಸಹಾಯಕ ಕಾರ್ಯಪಾಲಕ ಎಂಜಿನಿಯರ್), 6ನೇ ಅಡ್ಡರಸ್ತೆ
ಎಲ್-2 ಅವರ ತಕರಾರು ಏನೆಂದು ಅರ್ಥ ಮಾಡಿಕೊಳ್ಳೋಣ. ಅದು ಬಿಡ್ ಸಾಮರ್ಥ್ಯದ ಲೆಕ್ಕ, ಅಂದರೆ ಗುತ್ತಿಗೆದಾರರು ಇನ್ನೆಷ್ಟು ಕೆಲಸ ಹೊರಬಲ್ಲರು ಅನ್ನುವುದು. ನಮ್ಮ ಟೆಂಡರ್ ದಸ್ತಾವೇಜಿನ ಸೂತ್ರ: ಎ × ಎನ್ × 1.5 − ಬಿ. ಎ ಅಂದರೆ ಕಳೆದ ಐದು ವರ್ಷಗಳಲ್ಲಿ ಒಂದೇ ವರ್ಷ ಮಾಡಿದ ಗರಿಷ್ಠ ಕೆಲಸದ ಮೌಲ್ಯ. ಎನ್ ಅಂದರೆ ಈ ಕಾಮಗಾರಿಯ ಅವಧಿ ವರ್ಷಗಳಲ್ಲಿ, ನಮ್ಮದಕ್ಕೆ 0.5. ಬಿ ಅಂದರೆ ಆ ಆರು ತಿಂಗಳಲ್ಲಿ ಮುಗಿಸಬೇಕಾದ, ಈಗಾಗಲೇ ಒಪ್ಪಿಕೊಂಡ ಬೇರೆ ಕೆಲಸಗಳ ಮೌಲ್ಯ.

ಎಲ್-1 ತೋರಿಸಿದ್ದು ಎ 3.20 ಕೋಟಿ, ಬಿ 40 ಲಕ್ಷ. 3.20 × 0.5 × 1.5 ಅಂದರೆ 2.40 ಕೋಟಿ, 40 ಲಕ್ಷ ಕಳೆದರೆ 2 ಕೋಟಿ. ಅಂದಾಜಿಗಿಂತ ಹೆಚ್ಚು, ಪಾಸ್. ಇನ್ನೊಂದು ಇಲಾಖೆಯ 35 ಲಕ್ಷದ ಕೆಲಸ ಮುಚ್ಚಿಟ್ಟಿದ್ದಾರೆ ಅನ್ನುವುದು ಎಲ್-2 ಆರೋಪ. ಅದು ನಿಜವಾಗಿ, ಪೂರ್ತಿ ಈ ಆರು ತಿಂಗಳಲ್ಲೇ ಬಾಕಿಯಿದ್ದರೆ ಬಿ 75 ಲಕ್ಷ ಆಗುತ್ತದೆ, ಉಳಿಯುವುದು 1.65 ಕೋಟಿ, ಫೇಲ್. ಸ್ವಲ್ಪ ಬಿಲ್ ಆಗಿ ಹೋಗಿದ್ದರೆ ಬಾಕಿಯಷ್ಟೇ ಲೆಕ್ಕ, ಆ ಬಾಕಿ 16 ಲಕ್ಷ ದಾಟದಿದ್ದರೆ ಪಾಸ್. ಆ ಇಲಾಖೆಯ ಎಂಜಿನಿಯರ್ ಒಂದು ಪ್ರಮಾಣಪತ್ರ ಕೊಟ್ಟರೆ ಮುಗಿಯುವ ವಿಷಯ. ತಾಂತ್ರಿಕ ಲಕೋಟೆ (ಅರ್ಹತೆಯ ದಾಖಲೆಗಳಿರುವುದು) ತೆರೆದಾಗಲೇ ಇದನ್ನು ತರಿಸಬೇಕಿತ್ತು.

ಮನೆ 41
ಎಲ್-1 ಅವರೇ ನಮ್ಮ ಪರ ವಕೀಲರನ್ನ ಇಡ್ತೀನಿ, ಫೀಸೂ ಕೊಡ್ತೀನಿ ಅಂತಿದ್ದಾರೆ. ನಮಗೆ ಕೆಲಸ ಆದ್ರೆ ಸಾಕಲ್ವಾ?

ವಕೀಲರು, 2ನೇ ಅಡ್ಡರಸ್ತೆ
ದಯವಿಟ್ಟು ಒಪ್ಪಬೇಡಿ. ಆ ಆರೋಪ ಸಾಬೀತಾದರೆ ನಾವೂ ಅವರ ಜೊತೆ ಬೀಳುತ್ತೇವೆ. ಸಂಘ ನೋಂದಣಿ ಆಗಿದೆ, ಒಂದು ಠರಾವು ಮಾಡಿ ನಮ್ಮದೇ ವಕಾಲತ್ತಿನಲ್ಲಿ ಪಕ್ಷಗಾರರಾಗಿ ಸೇರಿಸಿಕೊಳ್ಳಿ ಅಂತ ಅರ್ಜಿ ಹಾಕೋಣ. ಗುತ್ತಿಗೆ ಯಾರಿಗೆ ಸಿಗಬೇಕು ಅನ್ನುವ ಮಾತೇ ಅದರಲ್ಲಿ ಬೇಡ. ಬೇಗ ವಿಚಾರಣೆ ಮಾಡಿ, ಅಲ್ಲಿವರೆಗೆ ಸುರಕ್ಷತೆಯ ಕೆಲಸಕ್ಕೆ ಅಡ್ಡಿ ಇಲ್ಲವೆಂದು ಸ್ಪಷ್ಟಪಡಿಸಿ ಅಂತ ಎರಡೇ ಕೋರಿಕೆ.

ಆಧಾರ ಗಟ್ಟಿಯಾಗಿದೆ. ಸುಪ್ರೀಂ ಕೋರ್ಟಿನ ಜಗದೀಶ್ ಮಂಡಲ್ ತೀರ್ಪಿನ ಪ್ರಕಾರ ಟೆಂಡರ್‌ನಲ್ಲಿ ಕೋರ್ಟ್ ಕೈಹಾಕುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ದುರುದ್ದೇಶ ಅಥವಾ ಮನಸೋಇಚ್ಛೆ ನಡೆದಿದೆಯಾ, ಸಾರ್ವಜನಿಕ ಹಿತಕ್ಕೆ ಧಕ್ಕೆ ಆಗಿದೆಯಾ. 2022ರ ಎನ್.ಜಿ. ಪ್ರಾಜೆಕ್ಟ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಮೂಲಸೌಕರ್ಯ ಕಾಮಗಾರಿಗೆ ತಡೆ ಕೊಡುವ ಬದಲು ಅನ್ಯಾಯವಾದವರಿಗೆ ಪರಿಹಾರದ ದಾರಿ ತೋರಿಸಿ ಅಂದಿದೆ. ಮೂಲಸೌಕರ್ಯ ಯೋಜನೆಗೆ ಅಡ್ಡಿಯಾಗುವ ತಡೆಯಾಜ್ಞೆ ಕೊಡಬಾರದು ಅನ್ನುವ ನಿರ್ದಿಷ್ಟ ಪರಿಹಾರ ಕಾಯ್ದೆಯ 41(ಎಚ್‌ಎ) ಕಲಮನ್ನೂ ಅಲ್ಲಿ ಎತ್ತಿಹೇಳಿದೆ. ಆ ಕಾಯ್ದೆಯ ಅನುಸೂಚಿ ತೆಗೆದು ನೋಡಿ, ಮಳೆನೀರು ಚರಂಡಿ ವ್ಯವಸ್ಥೆ ಅಂತಲೇ ಪಟ್ಟಿಯಲ್ಲಿದೆ. ಆ ಪುಟ ಅರ್ಜಿಗೆ ಲಗತ್ತಿಸಲೇಬೇಕು.

ನಿವೃತ್ತ ಎಇಇ, 6ನೇ ಅಡ್ಡರಸ್ತೆ
ಇನ್ನೊಂದು ಅಪಾಯ ಯಾರ ಕಣ್ಣಿಗೂ ಬಿದ್ದಿಲ್ಲ. ಕರಾರು ಆಗಿಲ್ಲದ ಕಾರಣ ಬಿಡ್ ಸಿಂಧುತ್ವದ ಅವಧಿ, ಅಂದರೆ ಹಾಕಿದ ದರಕ್ಕೆ ಬಿಡ್‌ದಾರರು ಬದ್ಧರಾಗಿರುವ ಅವಧಿ, ಓಡುತ್ತಿದೆ. ಅದು ಮುಗಿಯುವ ಮುಂಚೆ ನಗರಸಭೆ ಬಿಡ್‌ದಾರರಿಗೆ ಪತ್ರ ಬರೆದು ವಿಸ್ತರಣೆಗೆ ಒಪ್ಪಿಗೆ ಪಡೆಯಬೇಕು. ಒಪ್ಪದಿದ್ದವರ ಇಎಂಡಿ (ಬಿಡ್ ಜೊತೆ ಇಟ್ಟ ಠೇವಣಿ) ವಾಪಸ್ ಕೊಡಬೇಕು. ಇದನ್ನು ಮರೆತರೆ ಕೇಸು ಗೆದ್ದರೂ ಮರುಟೆಂಡರ್, ಒಂದು ಮಳೆಗಾಲ ಹೋಯಿತು ಅಂತಲೇ ಲೆಕ್ಕ.

ಲೆಕ್ಕಪರಿಶೋಧಕಿ, 4ನೇ ಅಡ್ಡರಸ್ತೆ
ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ನಾನು ಹಾಕ್ತೀನಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಅದಕ್ಕೆ ಎರಡು ಮಾಡ್ತೀನಿ, ತಲಾ 10 ರೂಪಾಯಿ. ಒಂದರಲ್ಲಿ ತಾಂತ್ರಿಕ ಮೌಲ್ಯಮಾಪನದ ನಡಾವಳಿ ಮತ್ತು ತುಲನಾತ್ಮಕ ಪಟ್ಟಿ. ಇನ್ನೊಂದರಲ್ಲಿ ಪ್ಯಾರಾವಾರು ಉತ್ತರ ವಕೀಲರಿಗೆ ಕಳಿಸಿದ ದಿನಾಂಕ, ಸಿಂಧುತ್ವ ವಿಸ್ತರಣೆಯ ಪತ್ರ. ಕೋರ್ಟಿನಲ್ಲಿದೆ ಅಂತ ತಿರಸ್ಕರಿಸೋಕೆ ಬರಲ್ಲ. ಬಹಿರಂಗಪಡಿಸಬಾರದು ಅಂತ ಕೋರ್ಟೇ ಹೇಳಿದ್ದರೆ, ಇಲ್ಲವೇ ಬಹಿರಂಗಪಡಿಸಿದರೆ ನ್ಯಾಯಾಂಗ ನಿಂದನೆ ಆಗೋದಾದರೆ ಮಾತ್ರ ಆರ್‌ಟಿಐ ಕಾಯ್ದೆಯ 8(1)(ಬಿ) ಅನ್ವಯಿಸೋದು. ಉತ್ತರಕ್ಕೆ 30 ದಿನ, ಹಾಗಾಗಿ ನಾಳೆಯೇ ಹಾಕಬೇಕು.

ಮನೆ 17
ಗೋಡೆ ಕುಸಿದಿರೋ ಕಡೆ ಮಕ್ಕಳು ಓಡಾಡ್ತಾರೆ. ಮಣ್ಣು ಕಾಲುವೆಗೇ ಬಿದ್ದು ಅರ್ಧ ಮುಚ್ಚಿದೆ. ಇಷ್ಟೆಲ್ಲ ಆಗೋವರೆಗೂ ಕಾಯೋಕಾಗುತ್ತಾ?

ನಿವೃತ್ತ ಎಇಇ, 6ನೇ ಅಡ್ಡರಸ್ತೆ
ಕಾಯಬೇಕಿಲ್ಲಮ್ಮ. ತಡೆ ಇರುವುದು ಹೊಸ ಗುತ್ತಿಗೆಗೆ. ಹೂಳೆತ್ತುವುದು ವಾರ್ಷಿಕ ನಿರ್ವಹಣೆಯ ಗುತ್ತಿಗೆಯಲ್ಲಿ ಬರುತ್ತದೆ, ಅದು ಬೇರೆಯೇ. ಕುಸಿದ ಕಡೆ ಮರಳುಚೀಲ ಎರಡು ಸಾಲು, ಮೇಲಿನ ಸಾಲು ಕೆಳಗಿನ ಸಂದಿನ ಮೇಲೆ ಕೂರುವಂತೆ. ಅಂಚಿನಿಂದ ಒಂದೂವರೆ ಮೀಟರ್ ಈಚೆಗೆ ಬ್ಯಾರಿಕೇಡ್. ಆದರೆ ಗೋಡೆ ಕೆಲಸವನ್ನೇ ಐದೈದು ಲಕ್ಷಕ್ಕೆ ತುಂಡು ಮಾಡಿ ಮಾಡಿಸಿ ಅಂತ ಯಾರೂ ಕೇಳಬೇಡಿ. ಅದು ಟೆಂಡರ್ ತಪ್ಪಿಸಿದಂತೆ, ಎಲ್-2 ಅವರಿಗೆ ನಾವೇ ಹೊಸ ಅಸ್ತ್ರ ಕೊಟ್ಟಂತೆ.

ವಕೀಲರು, 2ನೇ ಅಡ್ಡರಸ್ತೆ
ಅದನ್ನೂ ಮಾಡದಿದ್ದರೆ ಉಪವಿಭಾಗ ದಂಡಾಧಿಕಾರಿಗೆ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಅಡಿ ಸಾರ್ವಜನಿಕ ಉಪದ್ರವದ ಅರ್ಜಿ ಕೊಡೋಣ. ಹಳೇ ಸಿಆರ್‌ಪಿಸಿಯ 133 ಇದು. ದಿನಾಂಕ ಕಾಣುವ ಫೋಟೋ ಬೇಕು.

ಸಂಘದ ಕಾರ್ಯದರ್ಶಿ
ಹಾಗಾದರೆ ಭಾನುವಾರ ಬೆಳಗ್ಗೆ 10ಕ್ಕೆ ಉದ್ಯಾನದಲ್ಲಿ ಸಭೆ, ಠರಾವಿಗೆ ಕೋರಂ ಬೇಕು, ತಪ್ಪದೆ ಬನ್ನಿ. ಸೋಮವಾರ ಪೌರಾಯುಕ್ತರಿಗೆ ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುತ್ತೇವೆ. ಆಕ್ಷೇಪಣೆ, ತೆರವು ಅರ್ಜಿ, ಸಿಂಧುತ್ವ ವಿಸ್ತರಣೆ, ಹೂಳು, ಈ ನಾಲ್ಕೇ ವಿಷಯ. ಮನೆ 17ರವರು ಫೋಟೋ ಇವತ್ತೇ ಹಾಕಿ. ಎಲ್-1 ಅವರ ಫೀಸಿನ ಮಾತಿಗೆ ಬೇಡ ಅಂತ ನಾನೇ ತಿಳಿಸುತ್ತೇನೆ.