ಎಕ್ಸ್‌ರೇ ಚೆನ್ನಾಗಿದೆ, ತಮ್ಮ ಚೆನ್ನಾಗಿಲ್ಲ. ಡಾಕ್ಟರಿಗೆ ಹೇಗೆ ಹೇಳುವುದು?

ತುಮಕೂರು_ಅಣ್ಣ: ತಮ್ಮ ಟೈಲ್ಸ್ ಕೆಲಸದವನು. ಬೈಕ್ ಆಕ್ಸಿಡೆಂಟಲ್ಲಿ ತೊಡೆ ಮೂಳೆ ಮುರಿದು ರಾಡ್ ಹಾಕಿದ್ದಾರೆ. ಮೂಳೆ ಕೂಡಿದೆ, ಇನ್ನು ಕೆಲಸಕ್ಕೆ ಹೋಗಪ್ಪ ಅಂದರು ಡಾಕ್ಟರು. ಮನೆಯಲ್ಲಿ ನೋಡಿದರೆ ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲ, ರಾತ್ರಿ ನಿದ್ದೆ ಇಲ್ಲ, ಲಾರಿ ಹಾರ್ನ್ ಕೇಳಿದರೆ ಇವತ್ತಿಗೂ ಬೆವರುತ್ತಾನೆ. ಡಾಕ್ಟರ್ ಮುಂದೆ ಮಾತ್ರ "ಪರವಾಗಿಲ್ಲ ಸಾರ್" ಅಂತಾನೆ. ಏನು ಮಾಡಲಿ?

ಫಿಸಿಯೋ_ಅಕ್ಕ: ಹೇಗಿದ್ದೀಯ ಅಂದರೆ ಎಲ್ಲರೂ ಪರವಾಗಿಲ್ಲ ಅಂತಲೇ ಹೇಳುವುದು, ಪ್ರಶ್ನೆ ಕೇಳುವ ರೀತಿಯೇ ಸರಿ ಇಲ್ಲ ಬಿಡಿ. ಇಕ್ಯೂ-5ಡಿ ಅಂತ ಒಂದು ಪುಟ್ಟ ಪ್ರಶ್ನಾವಳಿ ಇದೆ. ಓಡಾಟ, ತನ್ನ ಸ್ನಾನ-ಬಟ್ಟೆ ತಾನೇ ಮಾಡಿಕೊಳ್ಳುವುದು, ದಿನದ ಕೆಲಸ, ನೋವು, ಆತಂಕ ಅಥವಾ ಖಿನ್ನತೆ, ಇಷ್ಟನ್ನೇ ಕೇಳುತ್ತದೆ. ಆಮೇಲೆ ಇವತ್ತಿನ ಆರೋಗ್ಯಕ್ಕೆ 0ಯಿಂದ 100ರೊಳಗೆ ರೋಗಿಯೇ ಅಂಕ ಕೊಡಬೇಕು. ಆದರೆ ಅದು ಯುರೋಪಿನಲ್ಲಿ ಹುಟ್ಟಿದ್ದು ನೋಡಿ, ಕುಕ್ಕರಗಾಲು, ಚಕ್ಕಳಮಕ್ಕಳ, ಇಂಡಿಯನ್ ಟಾಯ್ಲೆಟ್ ಯಾವುದನ್ನೂ ಹೆಸರಿಟ್ಟು ಕೇಳುವುದಿಲ್ಲ. ಅವನ್ನು ನೀವೇ ಸೇರಿಸಿ ಒಂದು ಚೀಟಿ ಬರೆದು ಡಾಕ್ಟರ್ ಕೈಗೆ ಕೊಡಿ. "ನೋವಿದೆ" ಅಂತ ಬರೆಯಬೇಡಿ, "ಕೂತು ಒಂದು ಟೈಲ್ ಹಾಕುವಷ್ಟರಲ್ಲಿ ಮಂಡಿ ಹಿಡಿಯುತ್ತದೆ" ಅಂತ ಬರೆಯಿರಿ.

ರಾಡ್_ರಾಜ: ನನ್ನ ಕಾಲಲ್ಲೂ ಒಂದಿದೆ 😅 ಕ್ಯಾಶುವಾಲ್ಟಿಯಲ್ಲಿ ನೋವಿಗಿಂತ ಜಾಸ್ತಿ ಕಾಡಿದ್ದು ಯಾರೂ ಏನೂ ಹೇಳದೆ ಸುಮ್ನೆ ಮಲಗಿಸಿದ್ದು. ಕಾಲು ಉಳಿಯುತ್ತಾ ಅನ್ನುವುದೇ ಗೊತ್ತಿರಲಿಲ್ಲ.

ನೈಟ್_ಡ್ಯೂಟಿ: ನಾನು ಎಮರ್ಜೆನ್ಸಿ ನರ್ಸ್. ಕೆಂಪು ಪಟ್ಟಿಯವರು, ಅಂದರೆ ಜೀವಕ್ಕೇ ಅಪಾಯ ಇರುವವರು ಬಂದರೆ ಉಸಿರಾಟ, ರಕ್ತಸ್ರಾವ ಮೊದಲು, ಹಳದಿ, ಹಸಿರಿನವರು ಕಾಯಲೇಬೇಕು. ಆದರೂ ಯಾಕೆ ಕಾಯಿಸುತ್ತಿದ್ದೇವೆ ಅಂತ ಒಂದು ಮಾತು ಹೇಳಬಹುದು, ಅಲ್ವಾ? ಅದಕ್ಕೆ ಹೊಸ ಮೆಷಿನ್ ಏನೂ ಬೇಕಿಲ್ಲ.
ಅಣ್ಣ, ಹಾರ್ನಿಗೆ ಬೆವರುವುದು, ನಿದ್ದೆ ಬಾರದ್ದು ತಿಂಗಳು ದಾಟಿದ್ದರೆ ಮನೋವೈದ್ಯರಿಗೆ ತೋರಿಸಿ. ಅದು ಹೆದರುಪುಕ್ಕಲುತನ ಅಲ್ಲ, ಅಪಘಾತ ಆದವರಲ್ಲಿ ನಾವು ನೋಡುತ್ತಲೇ ಇರುತ್ತೇವೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ತುಮಕೂರು_ಅಣ್ಣ: ಚೀಟಿ ಅವನ ಕೈಯಲ್ಲೇ ಬರೆಸುತ್ತೇನೆ. ಇನ್ಶೂರೆನ್ಸ್ ಕ್ಲೇಮಿಗೂ ಇದು ಬರುತ್ತದಾ?

ಫಿಸಿಯೋ_ಅಕ್ಕ: ಚೀಟಿ ಒಂದೇ ಸಾಲದು, ಡಾಕ್ಟರ್ ಅದನ್ನು ಕೇಸ್ ಶೀಟಿಗೆ ಹತ್ತಿಸಬೇಕು. ಅಂಗವೈಕಲ್ಯ ಶೇಕಡಾ ಎಷ್ಟು ಅನ್ನುವುದಷ್ಟೇ ಅಲ್ಲ, ಅದರಿಂದ ದುಡಿಮೆ ಎಷ್ಟು ಹೋಯಿತು ಅಂತ ನೋಡಬೇಕು ಎಂದು ಸುಪ್ರೀಂ ಕೋರ್ಟೇ ಹೇಳಿದೆ. ಕೂತು ಕೆಲಸ ಮಾಡುವವನಿಗೆ ಕೂರಲು ಬರದಿದ್ದರೆ ಹೋಗುವುದು ಸಂಬಳವೇ. ವಕೀಲರಿಗೂ ಒಂದು ಜೆರಾಕ್ಸ್ ಕೊಡಿ.