ಪಿಯುಸಿ ನಂತರ ಪರಿಸರ ವಿಜ್ಞಾನದಲ್ಲಿ ಬಿ.ಎಸ್ಸಿ. ಮಾಡುವುದು ಸರಿಯೇ?

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ದ್ವಿತೀಯ ಪಿಯುಸಿಯಲ್ಲಿ ಪಿಸಿಎಂಬಿ ಓದುತ್ತಿದ್ದೇನೆ. ಮುಂದೆ ಬಿ.ಎಸ್ಸಿ.ಯಲ್ಲಿ ಪರಿಸರ ವಿಜ್ಞಾನವನ್ನು ಆಯ್ದುಕೊಳ್ಳಬೇಕೆಂಬ ಆಸೆಯಿದೆ. ನಮ್ಮದು ಸಣ್ಣ ಕಾಫಿ ತೋಟ. ಪ್ರತಿ ವರ್ಷ ಕೊಯ್ಲಿನ ತಿಂಗಳುಗಳಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಗಳ ನೀರು ತೋಟದ ಕೆಳಗಿನ ಹಳ್ಳಕ್ಕೆ ಸೇರಿದಾಗ ಏಳುವ ಹುಳಿ ವಾಸನೆಯನ್ನೂ ನೀರಿನ ಮೇಲೆ ಕಟ್ಟುವ ಕಂದು ನೊರೆಯನ್ನೂ ನೋಡುತ್ತಲೇ ಬೆಳೆದಿದ್ದೇನೆ. ಆ ಹಳ್ಳ ಮುಂದೆ ಹೋಗಿ ಹೇಮಾವತಿಯನ್ನು ಸೇರುತ್ತದೆ. ಆ ನೀರಿಗೆ ನಿಜವಾಗಿ ಏನಾಗುತ್ತಿದೆ, ಅದನ್ನು ಸರಿಪಡಿಸುವ ಬಗೆ ಯಾವುದು ಎಂಬುದನ್ನು ಕ್ರಮವಾಗಿ ಓದಿ ತಿಳಿಯಬೇಕೆಂಬ ಹಂಬಲವೇ ಈ ಆಯ್ಕೆಗೆ ಕಾರಣ.

ಆದರೆ ಮನೆಯಲ್ಲಿ ಒಮ್ಮತವಿಲ್ಲ. ಪರಿಸರದ ವಿಷಯ ಎಲ್ಲ ಪದವಿಗಳಲ್ಲಿಯೂ ಕಡ್ಡಾಯವಾಗಿ ಇರುವಾಗ ಅದಕ್ಕೆಂದೇ ಮೂರು ವರ್ಷ ಏಕೆ ಎಂದು ಮಾವ ಕೇಳುತ್ತಾರೆ. ಇದನ್ನು ಓದಿದರೆ ಕೆಲಸ ಎಲ್ಲಿ ಸಿಗುತ್ತದೆ ಎಂಬುದು ಅಪ್ಪನ ಚಿಂತೆ. ಇಬ್ಬರ ಪ್ರಶ್ನೆಗಳಿಗೂ ನನ್ನಲ್ಲಿ ಉತ್ತರವಿಲ್ಲ. ಈ ವಿಷಯವನ್ನು ಬಲ್ಲ ಹಿರಿಯರು ದಯವಿಟ್ಟು ಮಾರ್ಗದರ್ಶನ ಮಾಡಬೇಕಾಗಿ ವಿನಂತಿ.

ಉತ್ತರ: ಹಾಸನದ ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕರು

ಮಗಳೇ, ನಿಮ್ಮ ಮಾವನವರು ಹೇಳುತ್ತಿರುವ ಪತ್ರಿಕೆಯೇ ಬೇರೆ, ನೀವು ಓದಬಯಸುವ ವಿಷಯವೇ ಬೇರೆ. 1991ರಲ್ಲಿ ವಕೀಲ ಎಂ.ಸಿ. ಮೆಹ್ತಾ ಅವರು ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪರಿಸರ ಶಿಕ್ಷಣವನ್ನು ಕಡ್ಡಾಯಗೊಳಿಸುವಂತೆ ನಿರ್ದೇಶನ ನೀಡಿತು. ವಾಣಿಜ್ಯ, ಕಲೆ, ವಿಜ್ಞಾನವೆನ್ನದೆ ಎಲ್ಲರೂ ಬರೆಯುವ ಪರಿಸರ ಅಧ್ಯಯನದ ಪತ್ರಿಕೆ ಅದರ ಫಲ. ಅದು ತಿಳಿವಳಿಕೆ ಮೂಡಿಸುವುದಕ್ಕಷ್ಟೇ ಸಾಕಾಗುವ ಓದು. ಪ್ರಧಾನ ವಿಷಯವಾಗಿ ತೆಗೆದುಕೊಂಡಾಗ ಜೀವಿಪರಿಸರ ಶಾಸ್ತ್ರ, ನೀರು, ಗಾಳಿ ಮತ್ತು ಮಣ್ಣಿನ ರಸಾಯನಶಾಸ್ತ್ರ, ಸೂಕ್ಷ್ಮಜೀವಿಗಳು, ತ್ಯಾಜ್ಯ ನಿರ್ವಹಣೆ, ಪರಿಸರ ಕಾನೂನು, ಸಂಖ್ಯಾಶಾಸ್ತ್ರ ಇವೆಲ್ಲವನ್ನೂ ಪ್ರಯೋಗಾಲಯದ ಕೆಲಸದೊಂದಿಗೆ ಕಲಿಯಬೇಕಾಗುತ್ತದೆ.

ಇನ್ನು ಬಹು ಮುಖ್ಯವಾದ ಒಂದು ಮಾತು. ಪರಿಸರ ವಿಜ್ಞಾನದ ಜೊತೆಯಲ್ಲಿ ಯಾವ ವಿಷಯಗಳನ್ನು ಓದುತ್ತೀರಿ ಎಂಬುದನ್ನು ಪ್ರವೇಶ ಪಡೆಯುವ ಮೊದಲೇ ಯೋಚಿಸಿ ನಿರ್ಧರಿಸಬೇಕು. ಪರಿಸರದಲ್ಲಿ ಆಸಕ್ತಿಯಿರುವ ಮಕ್ಕಳಲ್ಲಿ ಅನೇಕರ ಕನಸು ಭಾರತೀಯ ಅರಣ್ಯ ಸೇವೆ. ಯುಪಿಎಸ್‌ಸಿ ನಡೆಸುವ ಆ ಪರೀಕ್ಷೆಗೆ ಕೂರಲು ಪಶುಸಂಗೋಪನೆ ಮತ್ತು ಪಶುವೈದ್ಯಕೀಯ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಗಣಿತ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ, ಪ್ರಾಣಿಶಾಸ್ತ್ರ ಇವುಗಳಲ್ಲಿ ಕನಿಷ್ಠ ಒಂದನ್ನು ಪದವಿಯಲ್ಲಿ ಓದಿರಬೇಕು. ಇಲ್ಲವೇ ಕೃಷಿ, ಅರಣ್ಯಶಾಸ್ತ್ರ ಅಥವಾ ಎಂಜಿನಿಯರಿಂಗ್ ಪದವಿ ಇರಬೇಕು. ಪರಿಸರ ವಿಜ್ಞಾನದ ಹೆಸರು ಆ ಪಟ್ಟಿಯಲ್ಲಿಯೇ ಇಲ್ಲ. ಈ ಸಂಗತಿ ಪದವಿ ಮುಗಿದ ಮೇಲೆ ತಿಳಿದರೆ ಆಗುವ ನಷ್ಟ ಸಣ್ಣದಲ್ಲ. ಆದ್ದರಿಂದ ರಸಾಯನಶಾಸ್ತ್ರ ಹಾಗೂ ಸಸ್ಯಶಾಸ್ತ್ರ ಅಥವಾ ಪ್ರಾಣಿಶಾಸ್ತ್ರದ ಜೊತೆಗೆ ಪರಿಸರ ವಿಜ್ಞಾನವನ್ನು ಕೊಡುವ ಕಾಲೇಜನ್ನೇ ಹುಡುಕಿ. ಅಂಥ ಜೋಡಣೆ ಎಲ್ಲ ಕಾಲೇಜುಗಳಲ್ಲಿ ಇರುವುದಿಲ್ಲ; ಹಾಸನ, ಚಿಕ್ಕಮಗಳೂರು, ಮೈಸೂರು, ಶಿವಮೊಗ್ಗದ ಕಾಲೇಜುಗಳ ಈ ವರ್ಷದ ಪ್ರವೇಶ ಪ್ರಕಟಣೆಗಳನ್ನು ತರಿಸಿಕೊಂಡು ನೋಡಿ.

ರಾಜ್ಯದಲ್ಲಿ 2024-25ರಿಂದ ಪದವಿ ಮತ್ತೆ ಮೂರು ವರ್ಷಗಳದ್ದಾಗಿದೆ. ಈ ಕ್ಷೇತ್ರದಲ್ಲಿ ಮೂರು ವರ್ಷ ಸಾಲದು, ಎಂ.ಎಸ್ಸಿ. ಬೇಕೇ ಬೇಕು ಎಂಬುದನ್ನು ಅಪ್ಪನಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಮೈಸೂರಿನ ಮಾನಸಗಂಗೋತ್ರಿ, ಬೆಂಗಳೂರಿನ ಜ್ಞಾನಭಾರತಿ ಮೂರರಲ್ಲಿಯೂ ಪರಿಸರ ವಿಜ್ಞಾನದ ಸ್ನಾತಕೋತ್ತರ ವಿಭಾಗಗಳಿವೆ. ಕಾಲೇಜಿನಲ್ಲಿ ಪಾಠ ಹೇಳುವ ಆಸೆಯಿದ್ದರೆ ಯುಜಿಸಿ ನೆಟ್ ಪರೀಕ್ಷೆಯಲ್ಲಿ ಈ ವಿಷಯಕ್ಕೆ ಪ್ರತ್ಯೇಕ ಪತ್ರಿಕೆಯಿದೆ.

ಉತ್ತರ: ನೀರು ಪರೀಕ್ಷಾ ಪ್ರಯೋಗಾಲಯದ ಉದ್ಯೋಗಿ, ಹಾಸನ

ತಂಗಿ, ನೀವು ಕೇಳಿರುವ ಪಲ್ಪರ್ ನೀರಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ಪದವಿ ಏನನ್ನು ಕಲಿಸುತ್ತದೆ ಎಂಬುದು ಅದರಲ್ಲಿಯೇ ಇದೆ. ಕಾಫಿ ಹಣ್ಣಿನ ಸಿಪ್ಪೆ ಸುಲಿದು ಬೀಜದ ಮೇಲಿನ ಲೋಳೆ ತೊಳೆದಾಗ ಸಕ್ಕರೆಯೂ ಪೆಕ್ಟಿನ್ನೂ ನೀರಿಗೆ ಇಳಿಯುತ್ತವೆ. ಅದು ಹುದುಗಿ ಆಮ್ಲವಾಗುತ್ತದೆ. ನಿಮಗೆ ಬರುವ ಹುಳಿ ವಾಸನೆ ಅದರದೇ. ಆ ನೀರು ಹಳ್ಳಕ್ಕೆ ಬಂದರೆ ಸಕ್ಕರೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ, ಮೀನುಗಳು ಉಸಿರುಗಟ್ಟಿ ಸಾಯುತ್ತವೆ.

ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಅಳೆಯುವ ವಿಂಕ್ಲರ್ ವಿಧಾನವನ್ನು ನೀವು ಪದವಿಯಲ್ಲಿಯೇ ಕೈಯಾರೆ ಮಾಡುತ್ತೀರಿ. ಗಾಜಿನ ಬಿರಡೆಯ ಬಾಟಲಿಯಲ್ಲಿ ಒಂದು ಗಾಳಿಗುಳ್ಳೆಯೂ ಉಳಿಯದಂತೆ ನೀರು ತುಂಬಿ, ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೊಡೈಡ್ ದ್ರಾವಣಗಳನ್ನು ಸೇರಿಸಿ ಅಲುಗಿಸಬೇಕು. ಆಮ್ಲಜನಕವಿರುವ ನೀರಿನಲ್ಲಿ ಕಂದು ಬಣ್ಣದ ಗಸಿ ಕೂರುತ್ತದೆ. ಇಲ್ಲದ ನೀರಿನಲ್ಲಿ ಗಸಿ ಬೆಳ್ಳಗೆ ಇರುತ್ತದೆ. ಅದೇ ನೀರಿನ ಇನ್ನೊಂದು ಮಾದರಿಯನ್ನು 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮೂರು ದಿನ ಇಟ್ಟು ಎಷ್ಟು ಆಮ್ಲಜನಕ ಖರ್ಚಾಯಿತೆಂದು ನೋಡುವುದು ಬಿಒಡಿ (ಜೈವಿಕ ಆಮ್ಲಜನಕ ಬೇಡಿಕೆ) ಪರೀಕ್ಷೆ. ಹೊಳೆಹಳ್ಳಗಳಿಗೆ ಬಿಡುವ ತ್ಯಾಜ್ಯ ನೀರಿಗೆ ನಮ್ಮ ದೇಶದ ಸಾಮಾನ್ಯ ಬಿಒಡಿ ಮಾನದಂಡ ಲೀಟರಿಗೆ 30 ಮಿಲಿಗ್ರಾಂ. ಸಂಸ್ಕರಿಸದ ಪಲ್ಪರ್ ನೀರಿನ ಬಿಒಡಿ ಸಾವಿರಗಳಲ್ಲಿ ಇರುವುದರಿಂದ ಅದನ್ನು ಹಲವು ಪಟ್ಟು ದುರ್ಬಲಗೊಳಿಸದೆ ಪರೀಕ್ಷೆಯನ್ನೇ ಮಾಡಲಾಗುವುದಿಲ್ಲ. ಸುಣ್ಣ ಹಾಕಿ ಆಮ್ಲೀಯತೆ ತಗ್ಗಿಸುವುದು, ಹೊಂಡಗಳಲ್ಲಿ ನಿಲ್ಲಿಸಿ ಸೂಕ್ಷ್ಮಜೀವಿಗಳಿಂದ ಶುದ್ಧಿ ಮಾಡಿಸುವುದು, ಕಡಿಮೆ ನೀರು ಬಳಸುವ ಯಂತ್ರ ಅಳವಡಿಸುವುದು, ಇವು ಪರಿಹಾರದ ದಾರಿಗಳು. 1925ರಲ್ಲಿ ಆರಂಭವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ನಿಮ್ಮ ಜಿಲ್ಲೆಯಲ್ಲಿಯೇ ಇದೆ. ಕಾಲೇಜು ಸೇರಿದ ಮೇಲೆ ಒಮ್ಮೆ ಖಂಡಿತ ಹೋಗಿ ಬನ್ನಿ.

ಕೆಲಸದ ಬಗ್ಗೆ ಅಪ್ಪನಿಗೆ ಹೀಗೆ ಹೇಳಿ. 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ, ಭೋಪಾಲ್ ದುರಂತದ ನಂತರ ಬಂದ 1986ರ ಪರಿಸರ ಸಂರಕ್ಷಣಾ ಕಾಯ್ದೆ ಇವುಗಳ ಕಾರಣದಿಂದ ಕಾರ್ಖಾನೆಗಳು, ಆಸ್ಪತ್ರೆಗಳು, ದೊಡ್ಡ ವಸತಿ ಸಮುಚ್ಚಯಗಳು ತಮ್ಮ ನೀರು, ಗಾಳಿ, ತ್ಯಾಜ್ಯಗಳ ಲೆಕ್ಕ ಕೊಡಲೇಬೇಕಾಗಿದೆ. ಆ ಲೆಕ್ಕ ತೆಗೆಯುವ ಪ್ರಯೋಗಾಲಯಗಳು, ಶುದ್ಧೀಕರಣ ಘಟಕಗಳು, ಸಲಹಾ ಸಂಸ್ಥೆಗಳು ಇವು ಕೆಲಸ ಸಿಗುವ ಜಾಗಗಳು. ಆರಂಭದ ಸಂಬಳ ಸಾಧಾರಣವಾಗಿಯೇ ಇರುತ್ತದೆ, ಅದನ್ನು ಮುಚ್ಚಿಡಬಾರದು. ಮಾಲಿನ್ಯ ನಿಯಂತ್ರಣ ಮಂಡಳಿಯ ಹುದ್ದೆಗಳಿಗೆ ಬಹುಪಾಲು ಎಂಜಿನಿಯರಿಂಗ್ ಪದವಿಯನ್ನೋ ಸ್ನಾತಕೋತ್ತರ ಪದವಿಯನ್ನೋ ಕೇಳುತ್ತಾರೆ.

ಕೇಂದ್ರ ಸರ್ಕಾರದ 2006ರ ಅಧಿಸೂಚನೆಯಡಿ ದೊಡ್ಡ ಯೋಜನೆಗಳಿಗೆ ಪರಿಸರ ಅನುಮತಿ ಸಿಗಬೇಕಾದರೆ ಪರಿಸರ ಪರಿಣಾಮದ ಅಧ್ಯಯನ ಆಗಬೇಕು, ಅದರ ಸಾರಾಂಶ ಸ್ಥಳೀಯ ಭಾಷೆಯಲ್ಲಿಯೂ ಸಿಗಬೇಕು. ಇಂಥ ವರದಿಯ ಅಂಕಿಅಂಶಗಳನ್ನು ಓದಿ, ಸಾರ್ವಜನಿಕ ಅಹವಾಲು ಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲಿ ಪ್ರಶ್ನೆ ಕೇಳಬಲ್ಲ ಪದವೀಧರರು ಮಲೆನಾಡಿಗೆ ತುರ್ತಾಗಿ ಬೇಕಾಗಿದ್ದಾರೆ. ಸಕಲೇಶಪುರದ ಎತ್ತಿನಹೊಳೆ ಯೋಜನೆಯನ್ನು ಕುಡಿಯುವ ನೀರಿನ ಯೋಜನೆಯೆಂಬ ಕಾರಣದಿಂದ ಆ ಅನುಮತಿಯ ವ್ಯಾಪ್ತಿಯಿಂದ ಹೊರಗಿಡಲಾಯಿತು. ಅದು ಸರಿಯೋ ತಪ್ಪೋ ಎಂದು ವಾದಿಸಬೇಕಾದರೂ ಅಧಿಸೂಚನೆಯನ್ನು ಓದಿ ಅರ್ಥ ಮಾಡಿಕೊಂಡಿರಬೇಕಲ್ಲವೇ?

ಉತ್ತರ: ಆಲೂರಿನ ಕಾಫಿ ಬೆಳೆಗಾರರು

ಮೇಲಿನ ಇಬ್ಬರ ಮಾತುಗಳನ್ನೂ ಒಪ್ಪುತ್ತೇನೆ, ಆದರೆ ನಮ್ಮಂಥ ಬೆಳೆಗಾರರ ಮಕ್ಕಳಿಗೆ ಇನ್ನೊಂದು ದಾರಿಯೂ ಇದೆ. ಪೊನ್ನಂಪೇಟೆ ಮತ್ತು ಶಿರಸಿಯ ಅರಣ್ಯ ಮಹಾವಿದ್ಯಾಲಯಗಳಲ್ಲಿ ಬಿ.ಎಸ್ಸಿ. ಅರಣ್ಯಶಾಸ್ತ್ರ ಪದವಿಗೆ ಸಿಇಟಿ ಮೂಲಕ ಪ್ರವೇಶ ಸಿಗುತ್ತದೆ. ಕೃಷಿಕರ ಮಕ್ಕಳಿಗೆ ಅಲ್ಲಿ ಪ್ರತ್ಯೇಕ ಕೋಟಾ ಇದೆ, ಅದಕ್ಕಾಗಿ ಪ್ರಾಯೋಗಿಕ ಪರೀಕ್ಷೆಯನ್ನೂ ಬರೆಯಬೇಕು. ರಾಜ್ಯದ ವಲಯ ಅರಣ್ಯಾಧಿಕಾರಿ ಹುದ್ದೆಗಳಲ್ಲಿ ಒಂದು ಪಾಲು ಅರಣ್ಯಶಾಸ್ತ್ರ ಪದವೀಧರರಿಗೆ ಮೀಸಲಾಗಿದೆ. ನಮ್ಮ ಆಲೂರು, ಸಕಲೇಶಪುರ ಕಡೆ ಆನೆಗಳು ತೋಟದಲ್ಲಿಯೇ ಬೀಡು ಬಿಟ್ಟಿರುವುದು ನಿಮಗೆ ತಿಳಿದಿರುತ್ತದೆ. 2014ರಲ್ಲಿ ಹಲವು ಆನೆಗಳನ್ನು ಹಿಡಿದು ಸಾಗಿಸಿದರೂ ಸಮಸ್ಯೆ ನಿಲ್ಲಲಿಲ್ಲ. ಬೆಳೆಗಾರನ ಕಷ್ಟವನ್ನೂ ಆನೆಯ ನಡೆಯನ್ನೂ ಒಟ್ಟಿಗೆ ಬಲ್ಲ ಅಧಿಕಾರಿಗಳು ನಮ್ಮ ಊರುಗಳಿಂದಲೇ ಬರಬೇಕು. ಸಿಇಟಿ ಅರ್ಜಿ ತುಂಬುವಾಗ ಕೃಷಿಕರ ಕೋಟಾದ ಅಂಕಣವನ್ನು ಬಿಡಬೇಡಮ್ಮಾ.

ಮರುಪ್ರಶ್ನೆ: ಮೂಡಿಗೆರೆ ತಾಲ್ಲೂಕಿನ ವಿದ್ಯಾರ್ಥಿನಿ

ಸರ್, ಅಕ್ಕ, ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿಮ್ಮ ಉತ್ತರಗಳನ್ನು ಅಪ್ಪನಿಗೂ ಮಾವನಿಗೂ ಓದಿ ಹೇಳಿದೆ. ಅರಣ್ಯ ಸೇವೆಯ ಪಟ್ಟಿಯ ವಿಚಾರ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇನ್ನೆರಡು ಸಂದೇಹಗಳಿವೆ. ಗಣಿತ ನನಗೆ ಅಷ್ಟು ಸಲೀಸಲ್ಲ, ಅದರಿಂದ ತೊಂದರೆಯಾಗುತ್ತದೆಯೇ? ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ಪರಿಸರ ವಿಜ್ಞಾನವೇ ಇಲ್ಲದಿದ್ದರೆ ದೂರದ ಊರಿನ ಖಾಸಗಿ ಕಾಲೇಜಿಗೆ ಹೆಚ್ಚು ಶುಲ್ಕ ಕಟ್ಟಿ ಸೇರಬೇಕೇ?

ಉತ್ತರ: ಹಾಸನದ ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕರು

ಎರಡನೆಯ ಸಂದೇಹಕ್ಕೆ ಮೊದಲು ಉತ್ತರಿಸುತ್ತೇನೆ. ಸಾಲ ಮಾಡಿ ದೂರ ಹೋಗುವ ಅಗತ್ಯ ಖಂಡಿತ ಇಲ್ಲ. ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಮತ್ತು ಸಸ್ಯಶಾಸ್ತ್ರ ಅಥವಾ ಪ್ರಾಣಿಶಾಸ್ತ್ರ ಓದಿ, ಆಮೇಲೆ ಎಂ.ಎಸ್ಸಿ.ಯಲ್ಲಿ ಪರಿಸರ ವಿಜ್ಞಾನಕ್ಕೆ ಬರಬಹುದು. ಯಾವ ಐಚ್ಛಿಕ ವಿಷಯಗಳನ್ನು ಓದಿದವರಿಗೆ ಪ್ರವೇಶವಿದೆ ಎಂಬುದನ್ನು ಆಯಾ ವಿಶ್ವವಿದ್ಯಾಲಯದ ಪ್ರಕಟಣೆಯಲ್ಲಿ ಈಗಲೇ ಓದಿಕೊಂಡಿದ್ದರೆ ಸಾಕು. ನನ್ನ ಅಭಿಪ್ರಾಯದಲ್ಲಿ ಸೌಲಭ್ಯವಿಲ್ಲದ ಪರಿಸರ ವಿಜ್ಞಾನ ವಿಭಾಗಕ್ಕಿಂತ ಒಳ್ಳೆಯ ಪ್ರಯೋಗಾಲಯವಿರುವ ರಸಾಯನಶಾಸ್ತ್ರ ವಿಭಾಗವೇ ಮೇಲು. ಸೇರುವ ಮೊದಲು ಅಪ್ಪನ ಜೊತೆ ಕಾಲೇಜಿಗೆ ಹೋಗಿ ಪ್ರಯೋಗಾಲಯವನ್ನು ತೋರಿಸಿ ಎಂದು ಕೇಳಿ. ಬಿಒಡಿ ಇನ್‌ಕ್ಯುಬೇಟರ್ ಇದೆಯೇ, ಅದು ಚಾಲನೆಯಲ್ಲಿದೆಯೇ, ವಿದ್ಯಾರ್ಥಿಗಳನ್ನು ಕ್ಷೇತ್ರ ಅಧ್ಯಯನಕ್ಕೆ ಎಲ್ಲಿಗೆ ಕರೆದೊಯ್ಯುತ್ತಾರೆ ಎಂದು ವಿಚಾರಿಸಿ. ಭದ್ರಾ ಅಭಯಾರಣ್ಯವೂ, 2005ರ ಕೊನೆಯಲ್ಲಿ ಗಣಿಗಾರಿಕೆ ನಿಂತ ಕುದುರೆಮುಖವೂ ಇರುವ ಜಿಲ್ಲೆಯಲ್ಲಿ ಮಕ್ಕಳನ್ನು ಕೊಠಡಿಯಿಂದ ಹೊರಗೆ ಕರೆದೊಯ್ಯದ ವಿಭಾಗಕ್ಕೆ ಸೇರಬೇಡಿ ಎಂದೇ ನನ್ನ ಸಲಹೆ.

ಗಣಿತದ ಬಗ್ಗೆ ಅಂಜಿಕೆ ಬೇಡ. ಕಲನಶಾಸ್ತ್ರ ಪದವಿ ಮಟ್ಟದಲ್ಲಿ ಹೆಚ್ಚು ಬರುವುದಿಲ್ಲ. ಆದರೆ ಸಂಖ್ಯಾಶಾಸ್ತ್ರದಿಂದ ತಪ್ಪಿಸಿಕೊಳ್ಳುವಂತಿಲ್ಲ. ಸರಾಸರಿ, ವಿಚಲನೆ, ಮಾದರಿ ಆಯ್ಕೆ ಇವುಗಳನ್ನು ಪಿಯುಸಿ ಪರೀಕ್ಷೆ ಮುಗಿದ ಬಿಡುವಿನಲ್ಲಿಯೇ ಅಭ್ಯಾಸ ಮಾಡಿಕೊಳ್ಳಿ. ಕ್ಯೂಜಿಐಎಸ್ ಎಂಬ ನಕ್ಷೆ ತಯಾರಿಸುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ನಿಮ್ಮ ತೋಟದ ಕೆಳಗಿನ ಹಳ್ಳಕ್ಕೆ ಎಲ್ಲೆಲ್ಲಿಂದ ನೀರು ಬಂದು ಸೇರುತ್ತದೆ ಎಂಬುದನ್ನು ಅದರಲ್ಲಿ ಗುರುತಿಸುತ್ತಾ ಕಲಿತರೆ, ಮೊದಲ ವರ್ಷ ಸೇರುವ ಹೊತ್ತಿಗೆ ನೀರಿನ ಮಾದರಿಯನ್ನು ಯಾವ ಜಾಗಗಳಲ್ಲಿ ತೆಗೆಯಬೇಕೆಂಬುದು ನಿಮಗೇ ತಿಳಿದಿರುತ್ತದೆ.